ಬಾಡಿಗೆದಾರರು ‘ಬರ್ತೀನಿ’ ಅಂದರು

ನರ್ಸಮ್ಮನ ಬಚ್ಚಲುಮನೆ ನಾರುತ್ತಿತ್ತು.

ಕೊಳೆಯ ನಾತವಲ್ಲ ಅದು. ನೆಲ ಥಳಥಳ ಹೊಳೆಯುತ್ತಿತ್ತು. ಬಕೆಟ್ಟು ಹೊಸದು, ಸೋಪು ಆಗಷ್ಟೇ ಕಾಗದ ಬಿಚ್ಚಿಟ್ಟದ್ದು. ನಾತ ಬರುತ್ತಿದ್ದದ್ದು ನೀರು ಹೋಗುವ ಜಾಲರಿಯ ಕೆಳಗಿನಿಂದ. ಹಾಳು ಮೊಣಕಾಲನ್ನು ಬೈದುಕೊಳ್ಳುತ್ತ ಬಗ್ಗಿ, ಜಾಲರಿ ಎತ್ತಿ, ಒಳಗೆ ಎರಡು ಬೆರಳು ಇಳಿಬಿಟ್ಟೆ. ಒಣಗಿತ್ತು.

ಬಚ್ಚಲಿನ ಕೆಳಗೆ ಕೊಳವೆ ಒಂದು ಕಡೆ ಬಾಗಿರುತ್ತದೆ. ಸ್ನಾನದ ನೀರು ಸ್ವಲ್ಪ ಆ ಬಾಗಿನಲ್ಲಿ ನಿಂತು, ಮೋರಿಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುತ್ತದೆ. ವಾರಗಟ್ಟಲೆ ಯಾರೂ ಒಂದು ಚೊಂಬು ನೀರೂ ಸುರಿಯದಿದ್ದರೆ ಬಾಗು ಒಣಗುತ್ತದೆ, ಮನೆ ನಾರುತ್ತದೆ. ಜನ ವಾಸವಿರುವ ಮನೆಯಲ್ಲಿ ಹೀಗಾಗುವುದಿಲ್ಲ.

ನಡು ಅಂತಸ್ತಿನ ಈ ಮನೆಯ ಬಾಡಿಗೆದಾರಳು ನರ್ಸಮ್ಮ. ನನ್ನ ಹಿಂದೆಯೇ ನಿಂತು, ಮೋರಿ ಕಟ್ಟಿಕೊಂಡಿದೆ, ಎರಡು ದಿನದಿಂದ ಆಸ್ಪತ್ರೆಯಲ್ಲೇ ಸ್ನಾನ ಮಾಡಿ ಬರುತ್ತಿದ್ದೇನೆ ಎಂದಳು. ಕಟ್ಟಿಕೊಂಡ ಮೋರಿಯಲ್ಲಿ ನೀರು ನಿಂತಿರಬೇಕು ತಾಯಿ, ಒಣಗಿರಬಾರದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನಾನು ಮಾತು ನುಂಗುವ ಜಾತಿಯವಳಲ್ಲ, ನನ್ನನ್ನು ಬಲ್ಲವರನ್ನು ಕೇಳಿ. ಆದರೆ ಬಚ್ಚಲಿನ ಬಾಗಿಲಿಗೆ ಅಡ್ಡವಾಗಿ ಬೆಣ್ಣೆ ನಿಂತಿದ್ದ.

ಬೆಣ್ಣೆ ಎಂದರೆ ದಲ್ಲಾಳಿ. ಈ ಮೂರಂತಸ್ತಿನ ಕಟ್ಟಡವನ್ನು ನನ್ನ ತಂಗಿಗೆ ಮಾರಿಸುತ್ತಿದ್ದವನು. ಮಾತು ಅಷ್ಟು ನುಣುಪು, ಅದಕ್ಕೇ ಆ ಹೆಸರು. ನನ್ನನ್ನು ಊರು ಟಕಟಕ ಅಕ್ಕ ಎನ್ನುತ್ತದೆ. ಮನೆ ಕೊಳ್ಳುವವರ ಪರವಾಗಿ ಗೋಡೆಗಳನ್ನು ಬೀಗದ ಕೈಯಿಂದ ತಟ್ಟಿ, ನೆಲ, ನೀರು, ತಂತಿ ನೋಡಿ, ಕೊಳ್ಳಬಹುದೋ ಬಿಡಬೇಕೋ ಹೇಳುವುದು ನನ್ನ ಕಸುಬು. ಎಷ್ಟೋ ಮಾರಾಟ ನನ್ನ ಒಂದು ಉಹೂಂನಿಂದ ಮುರಿದಿದೆ, ಹಾಗಾಗಿ ದಲ್ಲಾಳಿಗಳಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ.

ಹೋದ ವಾರ ಇದೇ ಕಟ್ಟಡದ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದು ಸಿಕ್ಕಿದವನು ಸಾಲದ ಕಚೇರಿಯ ಪರವಾಗಿ ಮನೆಗಳಿಗೆ ಬೆಲೆ ಕಟ್ಟುತ್ತಿದ್ದ ನನ್ನ ಹಳೆಯ ಜೊತೆಗಾರ. ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಒಂದೇ ಮಾತು ಹೇಳಿ ಕಣ್ಣು ಮುಚ್ಚಿದ್ದ. “ಅಕ್ಕಾ, ಅಲ್ಲಿ ಎಲ್ಲರೂ ಬರ್ತೀನಿ ಅಂತಾರೆ.”

ಯಾರೋ ಹುಡುಕಿಕೊಂಡು ಬರುತ್ತಾರೆ ಎಂದು ಹೆದರಿ ಹೇಳಿದ ಎಂದುಕೊಂಡಿದ್ದೆ. ಅವತ್ತಿನಿಂದ ನನ್ನ ಮನೆಯ ಬಾಗಿಲಿಗೆ ಎರಡೂ ಅಗುಳಿ ಹಾಕಿಕೊಂಡು ಮಲಗುತ್ತಿದ್ದೇನೆ. ಹೊರಗೆ ಬೆಕ್ಕು ಹಾರಿದರೂ ಎದ್ದು ಕೂರುತ್ತೇನೆ. ಪೊಲೀಸರು ಕಾಲು ಜಾರಿದ ಎಂದು ಬರೆದುಕೊಂಡರು. ಬಂದವಳೇ ಆ ಮೆಟ್ಟಿಲು ನೋಡಿದೆ. ಒರಟು ಕಲ್ಲು, ಗಟ್ಟಿ ಕಂಬಿ, ಅಗಲವಾದ ಹೆಜ್ಜೆ. ಅದರ ಮೇಲೆ ಜಾರಬೇಕಾದರೆ ಯಾರಾದರೂ ಜಾರಿಸಬೇಕು.

ಇಷ್ಟು ಗೊತ್ತಿದ್ದೂ ಯಾಕೆ ಬಂದೆ ಎಂದರೆ, ತಂಗಿಗಾಗಿ.

ಅವಳು, ಅವಳ ಗಂಡ ಅದೇ ಹೊತ್ತಿಗೆ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕಾಗದ ಹಿಡಿದು ಕೂತಿದ್ದರು. ಕಟ್ಟಡ ಕೊಳ್ಳಲು ಸಾಲ. ಸಾಲಕ್ಕೆ ಆಧಾರವಾಗಿ ಅಮ್ಮನ ಮನೆ. ಅಮ್ಮ, ತಂಗಿ, ಅವಳ ಇಬ್ಬರು ಮಕ್ಕಳು ರಾತ್ರಿ ತಲೆಯಿಟ್ಟು ಮಲಗುವ ಮನೆ. ಕಟ್ಟಡ ಕೈಕೊಟ್ಟರೆ ಅದೂ ಹೋಗುತ್ತದೆ.

ನಾನು ಬಡಕೊಂಡೆ. ಮಲಗುವ ಮನೆಯನ್ನು ಅಡವಿಟ್ಟು ಬಾಡಿಗೆ ಮನೆ ಕೊಳ್ಳಬೇಡ ಎಂದೆ. ಬಾಡಿಗೆಯೇ ಕಂತು ಕಟ್ಟುತ್ತದೆ ಎನ್ನುವವರು ಖಾಲಿ ಬಿದ್ದಿರುವ ತಿಂಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ ಎಂದೆ. ಕೊಳ್ಳುವ ಮೊದಲು ಗೋಡೆಗಿಂತ ಹೆಚ್ಚಾಗಿ ಬಾಡಿಗೆದಾರರನ್ನು ನೋಡು, ಅವರ ಜೊತೆ ಕೂತು ಮಾತಾಡು ಎಂದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಕೊಂಡು ಬಾಡಿಗೆಗೆ ಕೊಟ್ಟು ನೋಡು ಎನ್ನುವುದನ್ನು ಮರೆತರು ಎಂದೂ ಹೇಳಿದೆ. ತಂಗಿ ನಕ್ಕಳು. ಆಮೇಲೆ ಅವಳೂ ಒಂದು ಮಾತು ಕೊಟ್ಟಳು. ಅಕ್ಕ ಮನೆ ನೋಡಿ ಹೂಂ ಅಂದರೆ ಮಾತ್ರ ಸಹಿ, ಇಲ್ಲದಿದ್ದರೆ ಇಲ್ಲ.

ಆ ಹೂಂ ನನ್ನ ಬಾಯಲ್ಲಿತ್ತು. ಅದನ್ನು ಹೊರಡಿಸಲೆಂದೇ ಬೆಣ್ಣೆ ಮಟಮಟ ಮಧ್ಯಾಹ್ನದಲ್ಲಿ ನನ್ನ ಹಿಂದೆ ಹಿಂದೆ ಸುತ್ತುತ್ತಿದ್ದ.

ನರ್ಸಮ್ಮನ ಮಲಗುವ ಕೋಣೆಗೆ ಹೋದೆ. ನಾಲ್ಕು ವರ್ಷದಿಂದ ಇಲ್ಲೇ ಇದ್ದೇನೆ ಎಂದಿದ್ದಳು. ಬೀಗದ ಕೈ ತೆಗೆದು ಗೋಡೆ ತಟ್ಟಿದೆ. ಗೋಡೆಯೇನೋ ಗಟ್ಟಿ. ಆದರೆ ನಾಲ್ಕು ವರ್ಷ ಒಬ್ಬಳು ಬಾಳಿದ ಕೋಣೆಯಲ್ಲಿ ಒಂದು ಮೊಳೆಯ ತೂತಾದರೂ ಬೇಡವೇ? ಮಂಚದ ತಲೆದೆಸೆಯಲ್ಲಿ ಗೋಡೆಗೆ ತಲೆ ಒರಗಿದ ಗುರುತಿಲ್ಲ. ದೀಪದ ಗುಂಡಿಯ ಸುತ್ತ ಬೆರಳಿನ ಕೊಳೆಯಿಲ್ಲ. ಬೀರು ತೆರೆದರೆ ಮೇಲಿನ ಹಲಗೆಯಲ್ಲಿ ನಾಲ್ಕು ಸೀರೆ, ಕೆಳಗೆ ಹಳೆಯ ಪತ್ರಿಕೆಯ ಕಟ್ಟು, ಬೀರು ತುಂಬಿದ ಹಾಗೆ ಕಾಣಲಿ ಎಂದು. ಇಷ್ಟು ಅಚ್ಚುಕಟ್ಟಾಗಿ ಬಾಳುವ ಹೆಂಗಸನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಅವಳು ನಿಜವಾದ ನರ್ಸ್ ಹೌದು. ಕೈಗೆ ಸ್ಪಿರಿಟ್ಟಿನ ವಾಸನೆಯಿತ್ತು, ಉಗುರು ಬುಡದವರೆಗೆ ಕತ್ತರಿಸಿತ್ತು. ಬಾಗಿಲ ಪಕ್ಕದಲ್ಲಿ ಅವಳ ಬಿಳಿ ಕೈಚೀಲ ಹೊರಡಲು ಸಿದ್ಧವಾಗಿ ಕೂತಿತ್ತು. ಡ್ಯೂಟಿಗೆ ಹೊತ್ತಾಗಿರಬೇಕು ಎಂದುಕೊಂಡೆ.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಹೊಸ್ತಿಲ ಒಳಗೆ ನಿಂತು, ಬಾಗಿಲನ್ನು ಅರ್ಧ ಮುಚ್ಚುತ್ತ ಮುಗುಳ್ನಕ್ಕಳು.

“ಸರಿ ಮೇಡಂ, ಬರ್ತೀನಿ.”

ನಾನು ಹೂಂ ಎಂದೆ. ಬಾಗಿಲು ಮುಚ್ಚಿತು. ಚಪ್ಪಲಿಯೊಳಗೆ ಸಣ್ಣ ಕಲ್ಲು ಸೇರಿಕೊಂಡ ಹಾಗೆ ಏನೋ ಚುಚ್ಚಿತು, ಏನು ಅಂತ ಗೊತ್ತಾಗಲಿಲ್ಲ.

ಎದುರು ಮನೆ ಲೆಕ್ಕದ ಮೇಷ್ಟ್ರದು. ಬೆಣ್ಣೆ ಗಂಟೆ ಒತ್ತುವುದಕ್ಕೂ ಮೊದಲೇ ಅವರು ಬಾಗಿಲು ತೆರೆದರು. ತೆಳ್ಳಗಿನ ಮನುಷ್ಯ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಮೇಜಿನ ಮೇಲೆ ಪುಸ್ತಕಗಳ ಗೋಪುರ. ಪಾಠ ಹೇಳಿ ಹೇಳಿ ಗಂಟಲು ಕೆಟ್ಟಿದೆ ಎಂದು ನಕ್ಕು, ನಮ್ಮನ್ನು ಒಳಗೆ ಕರೆದರು.

ಇವರ ಬಚ್ಚಲು ನಾರುತ್ತಿರಲಿಲ್ಲ. ನೆಲ ಪೂರ್ತಿ ಒದ್ದೆ, ಮೂಲೆಮೂಲೆಯಲ್ಲೂ ನೀರು. ಸ್ನಾನ ಮಾಡಿದವರ ಬಚ್ಚಲಲ್ಲಿ ನೀರು ಒಂದು ಕಡೆ ಹರಿದಿರುತ್ತದೆ. ಇಲ್ಲಿ ಯಾರೋ ಬಾಗಿಲಲ್ಲೇ ನಿಂತು ಬಕೆಟ್ಟು ಎತ್ತಿ ಸುರಿದು ಹೋಗಿದ್ದರು. ಗೋಡೆಗೆ ನೇತುಹಾಕಿದ್ದ ಬಟ್ಟೆ ಖಡಕ್ಕಾಗಿ ಒಣಗಿತ್ತು. ಅಡುಗೆಮನೆಯಲ್ಲಿ ಒಲೆ ಇತ್ತು, ಒಲೆಯ ಹಿಂದಿನ ಗೋಡೆಯಲ್ಲಿ ಒಗ್ಗರಣೆ ಸಿಡಿದ ಒಂದು ಕಲೆಯೂ ಇರಲಿಲ್ಲ.

ಬೆಣ್ಣೆ ಮೇಷ್ಟ್ರ ಬಾಡಿಗೆಯ ಗುಣಗಾನ ಮಾಡುತ್ತಿದ್ದ. ತಿಂಗಳು ಹುಟ್ಟುವ ಮೊದಲೇ ಕೊಟ್ಟುಬಿಡುತ್ತಾರೆ, ಇಂಥ ಬಾಡಿಗೆದಾರರು ಸಿಗುವುದು ಪೂರ್ವಜನ್ಮದ ಪುಣ್ಯ ಎಂದ. ಮೇಷ್ಟ್ರು ತಲೆ ತಗ್ಗಿಸಿ ಕೈಗಡಿಯಾರ ನೋಡಿಕೊಂಡರು. ನಾನು ಕಿಟಕಿಯ ಬಳಿ ನಿಂತು, ಬಾಯಿಮಾತಿಗೆ ಎಂಬಂತೆ, ಬೆಳಗಿನ ಬಿಸಿಲು ಯಾವ ಕೋಣೆಗೆ ಬೀಳುತ್ತದೆ ಮೇಷ್ಟ್ರೇ ಎಂದು ಕೇಳಿದೆ.

ಬಿಸಿಲು ಆಗ ನೆತ್ತಿಯ ಮೇಲಿತ್ತು. ಕಿಟಕಿ ನೋಡಿ ಹೇಳುವ ಹಾಗಿರಲಿಲ್ಲ. ಅವರು ಒಂದು ಗಳಿಗೆ ಆ ಕಡೆ ಈ ಕಡೆ ನೋಡಿ, ಮಲಗುವ ಕೋಣೆಗೆ ಎಂದರು. ಮಲಗುವ ಕೋಣೆಯ ಕಿಟಕಿ ಪಡುವಣಕ್ಕಿದೆ. ಅಲ್ಲಿ ಬೆಳಗಿನ ಬಿಸಿಲು ಬೀಳಬೇಕಾದರೆ ಸೂರ್ಯನೂ ಬೆಣ್ಣೆಯ ಹತ್ತಿರ ಸಂಬಳ ತೆಗೆದುಕೊಳ್ಳುತ್ತಿರಬೇಕು.

ಆಗಲೇ ಹೊರಗೆ ನರ್ಸಮ್ಮನ ಬಾಗಿಲು ತೆರೆದುಕೊಂಡ ಸದ್ದಾಯಿತು. ಚಪ್ಪಲಿಯ ಚಟಪಟ. ಸದ್ದು ಕೆಳಗೆ, ಬೀದಿಯ ಕಡೆಗೆ ಇಳಿಯುತ್ತದೆಂದು ಕಿವಿಗೊಟ್ಟೆ. ಇಳಿಯಲಿಲ್ಲ. ಮೇಲೆ ಹತ್ತಿತು.

ಮೇಲೆ ಇದ್ದದ್ದು ಒಂದೇ ಮನೆ. ಕಟ್ಟಡದ ಯಜಮಾನಿ ತನಗಾಗಿ ಇಟ್ಟುಕೊಂಡಿದ್ದದ್ದು. ಅವರು ಮಗಳ ಊರಿಗೆ ಹೋಗಿ ತಿಂಗಳುಗಳಾದವು, ಮನೆ ಬೀಗ ಹಾಕಿ ಖಾಲಿ ಬಿದ್ದಿದೆ ಎಂದು ಬೆಣ್ಣೆ ಮೊದಲೇ ಹೇಳಿದ್ದ. ಇವತ್ತು ಸಹಿಗೆಂದೇ ಯಜಮಾನಿ ಊರಿಂದ ಬಂದಿದ್ದಾರಂತೆ. ಬೆಳಗ್ಗೆ ತಂಗಿ ಫೋನು ಮಾಡಿ, ಯಜಮಾನಮ್ಮ ಪಕ್ಕದಲ್ಲೇ ಕೂತಿದ್ದಾರೆ, ಎಷ್ಟು ಒಳ್ಳೆಯವರು ಗೊತ್ತಾ, ನನ್ನ ಕೈ ಬಿಡುತ್ತಲೇ ಇಲ್ಲ ಎಂದು ಹಿಗ್ಗಿದ್ದಳು.

ಹೊರಡಲು ತಿರುಗಿದೆ. ಮೇಷ್ಟ್ರು ಬಾಗಿಲವರೆಗೆ ಬಂದು ಕೈ ಮುಗಿದರು.

“ಬರ್ತೀನಿ, ನಮಸ್ಕಾರ,” ಎಂದರು.

ಅದೇ ಮಾತು, ಎರಡನೇ ಸಲ.

ನಮ್ಮ ಮಾತಿಗೆ ಹೊಸ್ತಿಲಲ್ಲಿ ಒಂದು ಲೆಕ್ಕವಿದೆ. ಹೊರಡುವವರು ಬರ್ತೀನಿ ಎನ್ನುತ್ತಾರೆ. ಹೋಗ್ತೀನಿ ಎಂದರೆ ಅಮ್ಮ ಇವತ್ತಿಗೂ ನನ್ನ ತಲೆಗೆ ಮೊಟಕುತ್ತಾಳೆ. ಉಳಿಯುವವರು ಹೋಗಿ ಬನ್ನಿ ಎನ್ನುತ್ತಾರೆ. ಮಾತು ಕಲಿತ ಮಗುವಿಗೂ ಇದು ತಪ್ಪುವುದಿಲ್ಲ, ಯಾಕೆಂದರೆ ಇದನ್ನು ಯಾರೂ ಯೋಚಿಸಿ ಆಡುವುದಿಲ್ಲ. ನಾನಂತೂ ಖಾಲಿ ಮನೆ ನೋಡಿ ಹೊರಟಾಗಲೂ ಗೋಡೆಗಳಿಗೆ ಬರ್ತೀನಿ ಎಂದು ಹೇಳಿಯೇ ಬಾಗಿಲು ಎಳೆದುಕೊಳ್ಳುವವಳು. ಗೋಡೆ ವಾಪಸ್ಸು ಏನನ್ನುತ್ತೆ ಅಕ್ಕಾ ಎಂದು ತಂಗಿ ರೇಗಿಸುತ್ತಾಳೆ.

ತನ್ನ ಮನೆಯ ಹೊಸ್ತಿಲ ಒಳಗೆ ನಿಂತು, ಹೊರಟ ಅತಿಥಿಗೆ ಬರ್ತೀನಿ ಎನ್ನುವ ಮನುಷ್ಯ ಲೋಕದಲ್ಲಿಲ್ಲ. ಆ ಮಾತು ಬರುವುದು ಮನಸ್ಸಿನಲ್ಲಿ ತಾನೇ ಹೊರಟು ನಿಂತವನ ಬಾಯಿಂದ. ಇವರು ಹೋದ ಕೂಡಲೇ ನನ್ನ ಕೆಲಸ ಮುಗಿಯಿತು, ಬಸ್ಸು ಹಿಡಿದು ಮನೆ ಸೇರಬೇಕು ಎಂದುಕೊಂಡವನ ಬಾಯಿಂದ.

ಎಲ್ಲರೂ ಬರ್ತೀನಿ ಅಂತಾರೆ ಎಂದಿದ್ದ ಕನ್ನಡಕ. ಹೆದರಿಕೆಯಲ್ಲ ಅದು, ವರದಿ. ಸಾಯುವ ಹೊತ್ತಿನಲ್ಲೂ ಆ ಪುಣ್ಯಾತ್ಮ ತನ್ನ ಕೆಲಸ ಮಾಡಿದ್ದ, ನಾನು ಮಂಕು ಬಡಿದವಳ ಹಾಗೆ ಅಗುಳಿ ಹಾಕಿಕೊಂಡು ಕೂತಿದ್ದೆ. ತುಂಬಿದ ಕಟ್ಟಡ ಎಂದು ನಂಬಿಸಲು ಬಾಡಿಗೆದಾರರನ್ನೇ ಬಾಡಿಗೆಗೆ ತಂದು ಕೂರಿಸಿದ್ದರು. ಇಲ್ಲಿಂದ ಒಂದು ತಿಂಗಳ ಬಾಡಿಗೆಯೂ ಹುಟ್ಟುವುದಿಲ್ಲ. ಮೊದಲ ಕಂತಿಗೇ ತಂಗಿ ಮುಗ್ಗರಿಸುತ್ತಾಳೆ, ಆಮೇಲೆ ಸಾಲದವರು ಬಂದು ನಿಲ್ಲುವುದು ಅಮ್ಮನ ಬಾಗಿಲಲ್ಲಿ.

ಮೇಷ್ಟ್ರ ಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ ನಾನು, ಬೆಣ್ಣೆ ಇಬ್ಬರೇ ಉಳಿದೆವು.

ಕಂಬಿ ಹಿಡಿದುಕೊಂಡೆ. ನೋಡಿದರೆ ಬೆಣ್ಣೆ ನನಗಿಂತ ಎರಡು ಮೆಟ್ಟಿಲು ಕೆಳಗೆ ಇಳಿದು, ಒಂದು ಕೈ ಕಂಬಿಗೆ, ಇನ್ನೊಂದು ಗೋಡೆಗೆ ಕೊಟ್ಟು ನಿಂತುಬಿಟ್ಟಿದ್ದ. ಬೀದಿಗೆ ಹೋಗಬೇಕಾದರೆ ಅವನನ್ನು ದಾಟಿಯೇ ಹೋಗಬೇಕು. ಕೆಳಗಿನ ಮನೆಗಳ ಬಾಗಿಲು ಮುಚ್ಚಿತ್ತು, ಅವರೆಲ್ಲ ಕೆಲಸಕ್ಕೆ ಹೋಗಿದ್ದಾರೆ ಎಂದಿದ್ದ. ಕೂಗಿದರೆ ಕೇಳುವವರು ಯಾರೂ ಇರಲಿಲ್ಲ.

ಎಲ್ಲಾ ನೋಡಿ ಆಯಿತಲ್ಲ, ಇಲ್ಲೇ ಫೋನು ಮಾಡಿ ಹೂಂ ಎಂದುಬಿಡಿ, ಪಾಪ ತಂಗಿ ಊಟವಿಲ್ಲದೆ ಕಾಯುತ್ತಿದ್ದಾರೆ ಎಂದ. ನಗುತ್ತಲೇ ಎಂದ.

ಉಹೂಂ ಎಂದರೆ ನನಗೂ ಕನ್ನಡಕನ ಗತಿ. ಹೂಂ ಎಂದರೆ ತಂಗಿಯ ಗತಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನೋಂದಣಿ ಕಚೇರಿ ಬಾಗಿಲು ಹಾಕುವವರೆಗೆ ಕಾಲ ತಳ್ಳಿದರೆ ಇವತ್ತಿನ ಮಟ್ಟಿಗೆ ಸಹಿ ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ.

“ಮೇಲಿನ ಮನೆ ನೋಡಿಲ್ಲ.”

“ಅದು ಖಾಲಿ ಮನೆ ಅಕ್ಕಾ. ಧೂಳು ಬಿಟ್ರೆ ಏನಿಲ್ಲ.”

“ಧೂಳಾದ್ರೂ ನೋಡ್ತೀನಿ. ಒಂದು ಬಾಗಿಲು ತೆಗೀದೆ ಇದ್ರೂ ನಾನು ಹೂಂ ಅನ್ನಲ್ಲ. ಅದು ತಂಗಿಗೂ ಗೊತ್ತು.”

“ಬೀಗದ ಕೈ ಯಜಮಾನಮ್ಮನ ಹತ್ರ ಇದೆ.”

“ಮತ್ತೆ ನರ್ಸಮ್ಮ ಮೇಲೆ ಎಲ್ಲಿಗೆ ಹೋದ್ರು?”

ನಗು ಮುಖದಲ್ಲೇ ಇತ್ತು, ಕಣ್ಣಿನಿಂದ ಹೋಯಿತು. ಅವನು ಒಂದು ಮೆಟ್ಟಿಲು ಹತ್ತಿದ. ನಾನು ಹಿಂದಕ್ಕೆ ಒಂದು ಮೆಟ್ಟಿಲು ಹತ್ತಿದೆ. ಬಾಯಿ ಕೊಟ್ಟು ಕೆಟ್ಟೆ ಎಂದುಕೊಂಡೆ.

“ಕನ್ನಡಕಾನೂ ಮೇಲಿನ ಮನೆ ನೋಡ್ಬೇಕು ಅಂತಲೇ ಹಟ ಹಿಡಿದ,” ಎಂದ, ಹವಾಮಾನದ ಮಾತಾಡುವವನಂತೆ. “ಕಣ್ಣು ಮೇಲಿಟ್ಟು ನಡೆಯೋರು ಕಾಲ ಕೆಳಗೆ ನೋಡಲ್ಲ ಅಕ್ಕಾ. ಜಾರಿಬಿಟ್ಟ.”

ಮೆಟ್ಟಿಲು ಒರಟಾಗಿದೆ ಎಂದು ನಾನು ಹೇಳಲಿಲ್ಲ. ಫೋನು ಹೊರತೆಗೆದು ಎದೆಗವುಚಿಕೊಂಡು, ನನ್ನ ದನಿ ಕೇಳದೆ ತಂಗಿ ಪೆನ್ನು ಮುಟ್ಟುವುದಿಲ್ಲ, ಅವಳ ಹಟ ನಿಮಗೆ ಗೊತ್ತಿಲ್ಲ ಎಂದಷ್ಟೇ ಅಂದೆ. ಇದು ಸುಳ್ಳಲ್ಲ. ಇದೊಂದೇ ನನ್ನ ಕೈಯಲ್ಲಿದ್ದ ದಾಳ.

ಬೆಣ್ಣೆ ಯೋಚಿಸಿದ. ಕೈಗಡಿಯಾರ ನೋಡಿಕೊಂಡ. ಆಮೇಲೆ ಸೊಂಟದಿಂದ ತನ್ನದೇ ಗೊಂಚಲು ತೆಗೆದು, ಯಜಮಾನಿಯ ಹತ್ತಿರ ಇದೆ ಎಂದಿದ್ದ ಬೀಗದ ಕೈಯನ್ನು ಅದರಿಂದ ಬೇರ್ಪಡಿಸಿದ. ಮುಂದೆ ನಡೆಯಿರಿ ಎಂದು ಕೈ ತೋರಿಸಿದ. ನಾನು ಮುಂದೆ, ಅವನು ಹಿಂದೆ. ಒಂದೊಂದು ಮೆಟ್ಟಿಲಿಗೂ ಬೆನ್ನು ಕಾಯುತ್ತ ಹತ್ತಿದೆ. ನನ್ನ ಮೊಣಕಾಲು ನೋಯುವುದನ್ನೇ ಮರೆತಿತ್ತು.

ಮೆಟ್ಟಿಲ ಕೊನೆಯಲ್ಲಿ, ತಾರಸಿಯ ನೀರಿನ ತೊಟ್ಟಿಗೆ ಹೋಗುವ ಏಣಿಯ ಪಕ್ಕ, ನರ್ಸಮ್ಮ ನಿಂತಿದ್ದಳು. ಚಪ್ಪಲಿ ಬಾಗಿಲ ಪಕ್ಕದಲ್ಲಿ ಬಿಟ್ಟಿತ್ತು. ಯಾರ ಮನೆಗಾದರೂ ಹೋಗುವಾಗ ಬಿಡುವ ಹಾಗೆ. ಬಿಳಿ ಚೀಲ ತೋಳಿನಲ್ಲಿ. ನನ್ನನ್ನು ನೋಡಿ ಮುಗುಳ್ನಗಲಿಲ್ಲ. ಬೆಣ್ಣೆಯ ಮುಖ ನೋಡಿ, ಇನ್ನೂ ಕೊಟ್ಟಿಲ್ಲ ಎಂದು ಮೆಲ್ಲಗೆ ಹೇಳಿದಳು. ಅವನು ತಾಳು ಎಂಬಂತೆ ಕಣ್ಣು ಮಿಟುಕಿಸಿದ.

ಏನು ಕೊಟ್ಟಿಲ್ಲ? ಯಾರಿಗೆ ಕೊಟ್ಟಿಲ್ಲ?

ಬೀಗ ಹಳೆಯದು, ಮೈಯೆಲ್ಲ ತುಕ್ಕು. ಆದರೆ ಕೈ ಹಾಕಿದ ಕೂಡಲೇ ಸದ್ದಿಲ್ಲದೆ ಬಿಚ್ಚಿಕೊಂಡಿತು. ದಿನವೂ ತೆಗೆದು ಹಾಕುವ ಬೀಗಕ್ಕೆ ಮಾತ್ರ ಯಾರಾದರೂ ಎಣ್ಣೆ ಬಿಡುತ್ತಾರೆ.

ಒಳಗೆ ಕತ್ತಲೆಯಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಕಿಟಕಿಯಿಂದ ಧಾರಾಳ ಬೆಳಕು. ಕುರ್ಚಿ, ಮೇಜಿಗೆಲ್ಲ ಬಿಳಿ ಬಟ್ಟೆ ಹೊದೆಸಿ, ಮೇಲೆ ಬೆರಳು ಮುಳುಗುವಷ್ಟು ಧೂಳು. ಬಾಗಿಲಿನಿಂದ ಒಳಕೋಣೆಯವರೆಗೆ ಮಾತ್ರ ಧೂಳಿಲ್ಲ. ಒಬ್ಬರು ನಡೆಯುವಷ್ಟು ಅಗಲದ ದಾರಿ, ನಡೆದು ನಡೆದು ಸವೆದದ್ದು.

ನೇರ ಬಚ್ಚಲಿಗೆ ಹೋದೆ. ಇನ್ನೆಲ್ಲಿಗೆ ಹೋಗಲಿ, ಕಸುಬು ಕಾಲನ್ನು ಅಲ್ಲಿಗೇ ಎಳೆಯಿತು. ನಾತವಿಲ್ಲ. ಜಾಲರಿ ಎತ್ತಿದೆ. ಬಾಗಿನಲ್ಲಿ ನೀರು ತುಂಬಿ ನಿಂತಿತ್ತು. ಸೋಪು ಸವೆದು ಬಿಲ್ಲೆಯಾಗಿತ್ತು. ಟವೆಲು ಹಿಂಡಿದರೆ ನೀರು ಬರುವಷ್ಟು ತೇವ. ಕಿಟಕಿಯ ಅಂಚಿನಲ್ಲಿ ಬಾಚಣಿಗೆ, ಅದರ ಹಲ್ಲಿನಲ್ಲಿ ಸಿಕ್ಕಿಕೊಂಡ ಉದ್ದನೆಯ ಬಿಳಿ ಕೂದಲು.

ತುಂಬಿದೆ ಎಂದ ಮನೆಗಳೆಲ್ಲ ಖಾಲಿ. ಖಾಲಿ ಎಂದ ಮನೆಯಲ್ಲಿ ಒಬ್ಬರಿದ್ದಾರೆ.

ಒಳಕೋಣೆಯ ಬಾಗಿಲಿಗೆ ಹೊರಗಿನಿಂದ ಅಗುಳಿ. ಹಿತ್ತಾಳೆಯ ಅಗುಳಿ, ಬೆರಳು ತಾಗಿ ತಾಗಿ ಹೊಳಪೇರಿತ್ತು. ನಾನು ಕಣ್ಣಿಟ್ಟದ್ದನ್ನು ಬೆಣ್ಣೆ ಕಂಡ. ಅದು ಸಾಮಾನಿನ ಕೋಣೆ, ನೋಡುವಂಥದ್ದು ಏನಿಲ್ಲ ಎಂದ. ಆದರೂ ಬೀಗದ ಕೈ ಎತ್ತಿ ಬಾಗಿಲನ್ನು ಟಕಟಕ ತಟ್ಟಿದೆ. ಒಳಗಿನಿಂದ ಏನೂ ಕೇಳಲಿಲ್ಲ. ಉಸಿರು ಬಿಗಿಹಿಡಿದು ನಿಂತೆ. ಆಗಲೂ ಇಲ್ಲ.

“ಸಾಕು,” ಎಂದ ಬೆಣ್ಣೆ. ಮೊದಲ ಸಲ ಅಕ್ಕಾ ಎನ್ನುವುದನ್ನು ಬಿಟ್ಟಿದ್ದ. “ಫೋನ್ ಮಾಡಿ.”

ನರ್ಸಮ್ಮ ಒಳಗೆ ಬಂದು ಮುಂಬಾಗಿಲ ಪಕ್ಕ ನಿಂತಳು. ಚೀಲದ ಗುಂಡಿ ಬಿಚ್ಚಿದ ಸದ್ದು ಕೇಳಿತು.

ತಂಗಿಯ ನಂಬರು ಒತ್ತಿದೆ. ಅತ್ತ ಗಂಟೆ ಹೊಡೆಯತೊಡಗಿತು. ಇತ್ತ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಈ ಬಾಗಿಲ ಹಿಂದೆ ಯಾರು? ಯಾರೋ ಮುದುಕಿ, ಮದ್ದು ಕೊಟ್ಟು ಮಲಗಿಸಿಟ್ಟಿದ್ದಾರೆ. ಇವತ್ತಿನ ಮದ್ದಿನ ಹೊತ್ತು ಮೀರಿದೆ, ಇನ್ನೂ ಕೊಟ್ಟಿಲ್ಲ. ಅರೆ ಎಚ್ಚರವಾದರೂ ಇರಬೇಕು. ಬಾಗಿಲು ತಟ್ಟಿದರೆ ಹೆದರಿ ಸುಮ್ಮನಿರುತ್ತಾಳೆ, ತಟ್ಟುವವರು ಯಾರು ಎಂದು ಅವಳಿಗೆ ಗೊತ್ತು. ಕೂಗಿ ಕರೆಯಲು ಇವರು ನನ್ನನ್ನು ಬಿಡುವುದಿಲ್ಲ.

ಆದರೆ ಒಂದು ಮಾತಿಗೆ ಮನುಷ್ಯರು ಯೋಚಿಸದೆ ಉತ್ತರ ಕೊಡುತ್ತಾರೆ. ಮತ್ತಿನಲ್ಲಿದ್ದರೂ ಕೊಡುತ್ತಾರೆ.

ಹೊರಟವಳಂತೆ ತಿರುಗಿದೆ. ಬೆಣ್ಣೆ ದಾರಿ ಬಿಡಲು ಅರೆಹೆಜ್ಜೆ ಸರಿದ. ದಿನವೂ ಮಾಡುವ ಹಾಗೆ, ಎಲ್ಲ ಮನೆಯಲ್ಲೂ ಹೇಳುವ ಹಾಗೆ, ಆದರೆ ಇದ್ದಬದ್ದ ದನಿಯನ್ನೆಲ್ಲ ಕೂಡಿಸಿಕೊಂಡು ಗೋಡೆಗಳಿಗೆ ಹೇಳಿದೆ.

“ಬರ್ತೀನಿ.”

ಒಂದು ಗಳಿಗೆ ಏನೂ ಇಲ್ಲ. ಬೆಣ್ಣೆ ಹುಬ್ಬು ಗಂಟಿಕ್ಕಿದ.

ಅಗುಳಿ ಹಾಕಿದ ಬಾಗಿಲ ಹಿಂದಿನಿಂದ ಬಂತು. ಸೋತ, ಒಣಗಿದ, ನಿದ್ದೆಗಣ್ಣಿನ ದನಿ. ಎಷ್ಟೋ ವರ್ಷ ಈ ಹೊಸ್ತಿಲಲ್ಲಿ ನಿಂತು ಎಷ್ಟೋ ಜನರನ್ನು ಬೀಳ್ಕೊಟ್ಟವರ ದನಿ.

“ಹೋಗಿ ಬಾರಮ್ಮ.”

ಈ ಕಟ್ಟಡದಲ್ಲಿ ಆ ಮಾತಾಡಲು ಹಕ್ಕಿದ್ದವರು ಒಬ್ಬರೇ. ಹಾಗಾದರೆ ನೋಂದಣಿ ಕಚೇರಿಯಲ್ಲಿ ತಂಗಿಯ ಕೈ ಹಿಡಿದು ಕೂತಿರುವವಳು ಯಾರು?

ಸಹಿ ಬಿದ್ದರೆ ಬಾಡಿಗೆಯೂ ಇಲ್ಲ, ಕಟ್ಟಡವೂ ಇಲ್ಲ, ಸಾಲ ಮಾತ್ರ ಉಳಿಯುತ್ತದೆ. ಸಹಿ ಬಿದ್ದ ಮೇಲೆ ಈ ಬಾಗಿಲ ಹಿಂದಿನ ಜೀವವೂ ಅವರಿಗೆ ಬೇಕಾಗಿರುವುದಿಲ್ಲ. ನನ್ನದೂ ಅಷ್ಟೆ.

ಬೆಣ್ಣೆ ಮುಂಬಾಗಿಲು ತಳ್ಳಿ, ಒಳಗಿನಿಂದ ಚಿಲಕ ಹಾಕಿದ. ನರ್ಸಮ್ಮ ಚೀಲದಿಂದ ಕೈ ಹೊರತೆಗೆದಳು. ಸೂಜಿಯ ತುದಿಯಲ್ಲಿ ಬಿಸಿಲು ಮಿಂಚಿತು. ಅವನು ನನ್ನ ಕಿವಿಯ ಹತ್ತಿರ ಬಂದು, ಒಂದು ಹೂಂ ಸಾಕು ಎಂದು ಪಿಸುಗುಟ್ಟಿದ. ಅವನ ಕೈ ನನ್ನ ಹೆಗಲ ಮೇಲೆ ಬಿತ್ತು.

ಅತ್ತ ಗಂಟೆ ನಿಂತಿತು. ತಂಗಿ ಫೋನು ಎತ್ತಿದ್ದಳು. ಅವಳ ಹಿಂದೆ ಮುದಿ ಹೆಂಗಸೊಬ್ಬಳ ನಗು, ಕಾಗದ ಮಗುಚುವ ಸದ್ದು.

“ಅಕ್ಕಾ, ಯಜಮಾನಮ್ಮ ಪೆನ್ನು ನನ್ನ ಕೈಗೇ ಕೊಟ್ಟಿದ್ದಾರೆ ನೋಡು,” ಎಂದಳು, ಮಕ್ಕಳ ಹಾಗೆ ಸಂತೋಷದಲ್ಲಿ. “ಹೂಂ ಅನ್ನು. ಸಹಿ ಹಾಕ್ಲಾ?”